ಊಟದ ಮೇಜಿನ ಮೇಲೆ ಸ್ಟಾಲಿನ್‌ಗ್ರಾಡ್

ನಮ್ಮ ಪಾಸಿರ್ ರಿಸ್ ಮನೆಯಲ್ಲಿ ಊಟದ ಮೇಜು ಇರುವುದು ಒಂದೇ. ಕಳೆದ ವರ್ಷ ನನ್ನ ಗಂಡ ಅದರ ಮೇಲೆ ಸ್ಟಾಲಿನ್‌ಗ್ರಾಡ್ ಯುದ್ಧದ ಆಟವನ್ನು ಹರಡಿ ಕೂತ. ದೊಡ್ಡ ನಕ್ಷೆ, ಅದರ ಅಂಚಿನಲ್ಲಿ ನೀಲಿ ವೋಲ್ಗಾ ನದಿ, ಮೇಲೆಲ್ಲ ಉಗುರಿನಷ್ಟಗಲದ ರಟ್ಟಿನ ಚೌಕಗಳು. ಕೆಂಪು ರಷ್ಯಾದ ದಂಡು, ಬೂದು ಜರ್ಮನಿಯದು. ದಂಡು ಹಾರಿಹೋಗುತ್ತದೆಂದು ಫ್ಯಾನ್ ಹಾಕುವಂತಿರಲಿಲ್ಲ. ಸಿಂಗಾಪುರದ ಸೆಖೆಯಲ್ಲಿ, ಸೋಫಾದ ಮೇಲೆ ತಟ್ಟೆ ತೊಡೆಗಿಟ್ಟುಕೊಂಡು, ಬೆವರು ಒರೆಸುತ್ತ ಸಾರನ್ನ ಉಣ್ಣುತ್ತಿದ್ದೆವು.

ಗಂಡ ರಷ್ಯಾ. ಜರ್ಮನಿ ಎಂದರೆ ಬೂನ್ ಲೇ ಬಡಾವಣೆಯಲ್ಲಿರುವ ಅಂಕಲ್. ಹಡಗುಕಟ್ಟೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಧಾರವಾಡದವರು, ಒಬ್ಬರೇ ಇರುವವರು. ಪ್ರತಿ ಶನಿವಾರ ದ್ವೀಪದ ಆ ತುದಿಯಿಂದ ಈ ತುದಿಗೆ ಎಂಆರ್‌ಟಿ ರೈಲಿನಲ್ಲಿ ಬರುತ್ತಿದ್ದರು. ನಮ್ಮೊಡನೆ ಬೆಂಗಳೂರಿನ ಕನ್ನಡವೇ. ಸಿಟ್ಟು ಬಂದಾಗ ಮಾತ್ರ ಧಾರವಾಡ ಹೊರಬೀಳುತ್ತಿತ್ತು.

ಅವರ ಸೈನ್ಯ ನಗರದೊಳಗೆ ನುಗ್ಗಿತು. ಆಟದಲ್ಲಿ ಚಳಿಗಾಲ ಬಂತು. ಗಂಡ ಎರಡೂ ಕಡೆಯಿಂದ ಬಂದು ಅವರನ್ನು ಸುತ್ತುವರಿದ. ಅಷ್ಟರಲ್ಲಿ ಅಂಕಲ್‌ಗೆ ಮಂಡಿಯ ಆಪರೇಷನ್ ಆಯಿತು. ಪಾಪ ಅನ್ನಿಸಿತು, ಜೊತೆಗೆ ಮೇಜು ಸಿಗುತ್ತದೆ ಅಂತಲೂ ಅನ್ನಿಸಿತು.

"ಅಂಕಲ್ ಫೋನಲ್ಲಿ ಆಡ್ತಾರೆ," ಅಂದ ಗಂಡ. "ಅವರ ಪೀಸ್ ನಾನು ಮುಟ್ಟೋ ಹಾಗಿಲ್ಲ. ನೀನು ಮೂವ್ ಮಾಡು."

"ನಂಗೆ ಬೇರೆ ಕೆಲಸ ಇಲ್ವಾ?"

"ಐದೇ ನಿಮಿಷ."

ಆ ಐದು ನಿಮಿಷ ದಿನವೂ ಗಂಟೆಗಟ್ಟಲೆ ಎಳೆಯಿತು. ಅಂಕಲ್ ಹಾಸಿಗೆಯಿಂದ ಆಜ್ಞೆ ಕೊಡುವರು, ನಾನು ದಾಳ ಹಾಕುವೆ. ದಾಳ ಸರಿಯಾಗಿ ಬಿದ್ದರೆ ವಿಮಾನದಲ್ಲಿ ಆಹಾರ ಬರುತ್ತದೆ. ಬೀಳುತ್ತಲೇ ಇರಲಿಲ್ಲ. ಹಸಿದ ದಂಡುಗಳನ್ನು ಒಂದೊಂದಾಗಿ ನಾನೇ ಎತ್ತಿ ಡಬ್ಬಿಗೆ ಹಾಕಬೇಕು.

"ಅಂಕಲ್, ಇವರಿಗೆ ಊಟ ಇಲ್ಲ, ಗುಂಡಿಲ್ಲ. ಸರೆಂಡರ್ ಮಾಡಿಬಿಡಿ. ಶುಕ್ರವಾರ ನಮ್ಮಕ್ಕ ಬೆಂಗಳೂರಿಂದ ಬರ್ತಾಳೆ, ನಂಗೆ ಟೇಬಲ್ ಬೇಕು."

"ಸರೆಂಡರ್ ಇಲ್ಲ. ಇವರು ನಗರದಾಗ ನಿಂತಷ್ಟ ದಿನ ರಷ್ಯಾದ ಸೈನ್ಯಾನೂ ಇಲ್ಲೇ ಸಿಕ್ಕೊಂಡಿರತದ. ತಿಳೀತಿಲ್ಲೋ?"

ನನಗೆ ತಿಳಿಯುವುದು ಬೇಕಿರಲಿಲ್ಲ. ಗುರುವಾರ ಸಂಜೆ ನಕ್ಷೆ ನೋಡುತ್ತಿದ್ದಾಗ ಪಶ್ಚಿಮದ ಕಡೆ ಒಂದು ಕಿಂಡಿ ಕಾಣಿಸಿತು. ಅಲ್ಲಿಂದ ನುಸುಳಿದರೆ ಇವರೂ ಬದುಕುತ್ತಾರೆ, ಆಟವೂ ಬೇಗ ಮುಗಿಯುತ್ತದೆ ಅಂದುಕೊಂಡೆ.

"ಅಂಕಲ್, ಪಶ್ಚಿಮಕ್ಕೆ ದಾರಿ ಇದೆ. ನಾನಿವರನ್ನ ಹೊರಡಿಸ್ತಿದ್ದೀನಿ."

"ಏ, ಯಾರ ಹೇಳಿದ್ರು ನಿಮಗ? ಮುಟ್ಟಬ್ಯಾಡ್ರಿ!"

ಅಷ್ಟರಲ್ಲಿ ಸರಿಸಿಯಾಗಿತ್ತು. ಮುಟ್ಟಿದ್ದನ್ನು ಹಿಂತೆಗೆಯುವಂತಿಲ್ಲ ಎಂದ ಗಂಡ, ಬಟಾಬಯಲಲ್ಲಿ ಸಿಕ್ಕ ಆ ಬಡಪಾಯಿಗಳನ್ನು ಖುಷಿಯಾಗಿ ಮುಗಿಸಿಬಿಟ್ಟ. ಅಂಕಲ್ ಫೋನ್ ಇಟ್ಟುಬಿಟ್ಟರು. ಮರುದಿನ ಮಂಡಿ ಹೇಗಿದೆಯೆಂದು ವಿಚಾರಿಸಲು ನಾನೇ ಫೋನ್ ಮಾಡಿದರೆ, "ಅದ," ಎಂದಷ್ಟೇ ಹೇಳಿ ಕಟ್ ಮಾಡಿದರು. ರಟ್ಟಿನ ಚೂರುಗಳಿಗೆ ಇಷ್ಟು ಮುನಿಸೇ ಎಂದು ಮೈಯೆಲ್ಲ ಉರಿಯಿತು.

ಕೆಲವು ವಾರ ಕಳೆದವು. ಅಕ್ಕ ಇನ್ನೂ ಇದ್ದಳು. ಒಂದು ಶನಿವಾರ ನಾವೆಲ್ಲ ಮೇಜಿನ ಮುಂದೆ ಇಡ್ಲಿಗೆ ಕೂತಿದ್ದಾಗ ಬೆಲ್ ಆಯಿತು. ವಾಕರ್ ಹಿಡಿದು ಅಂಕಲ್ ನಿಂತಿದ್ದರು. ಇಡೀ ದ್ವೀಪ ದಾಟಿ ಬಂದಿದ್ದರು.

"ಆ ಗುರುವಾರದ್ದು ಫೋಟೋ ತೆಗೆದಿದ್ರಲ್ಲ?" ಎಂದು ಗಂಡನನ್ನು ಕೇಳಿದರು.

ದಿನವೂ ಆಟಕ್ಕೆ ಮೊದಲು ನಕ್ಷೆಯ ಫೋಟೋ ಹಿಡಿಯುವವನು ತೆಗೆಯದೇ ಇರುತ್ತಾನೆಯೇ? ಇಡ್ಲಿ ಪಾತ್ರೆ ಅಡುಗೆಮನೆಗೆ ಹೋಯಿತು. ಫೋಟೋ ನೋಡಿಕೊಂಡು ಇಬ್ಬರೂ ಪ್ರತಿ ಚೌಕವನ್ನೂ ನಾನು ಸರಿಸುವ ಮೊದಲು ಇದ್ದಲ್ಲೇ ಇಟ್ಟರು. ಅಂಕಲ್ ಈ ಸಲ ಒಂದು ದಂಡನ್ನೂ ಹೊರಡಿಸಲಿಲ್ಲ. ಸಂಜೆಯವರೆಗೆ ಹಿಡಿದು ನಿಂತರು. ಕೊನೆಗೆ ನಕ್ಷೆಯ ಮೇಲೆ ಬೂದು ಬಣ್ಣವೇ ಉಳಿಯಲಿಲ್ಲ.

"ನೋಡ್ರಿ, ಎಷ್ಟ ಹೊತ್ತ ನಿಂತರು!" ಎಂದು ನನ್ನತ್ತ ತಿರುಗಿದರು.

"ಸೋತರಲ್ಲ, ಅಂಕಲ್!"

"ಸೋತರು. ಆದರ ನಾ ಹೇಳಿಧಂಗ ಸೋತರು."

ಅಕ್ಕ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು. ಗಂಡ ಟ್ಯಾಕ್ಸಿ ಬುಕ್ ಮಾಡಿ ಅವರನ್ನು ಲಿಫ್ಟಿನವರೆಗೆ ನಡೆಸಿಕೊಂಡು ಹೋದ. ಕಾರಿಡಾರಿನಿಂದ ಅಂಕಲ್ ದನಿ ಕೇಳಿಸಿತು: "ಮುಂದಿನ ಸಲ ನಾನು ರಷ್ಯಾ ಆಗ್ತೀನಿ."