ಕೈ ಎಟುಕುವ ತನಕ

ಹೋದ ಭಾನುವಾರ ಈಜುಕೊಳದ ಮೆಟ್ಟಿಲ ಮೇಲೆ ಒಬ್ಬ ತಾಯಿ ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದಳು.

"ಏನವ್ವಾ, ನಿಮ್ ಮಗೀನ್ ಬರ್ತ್ ಸರ್ಟಿಫಿಕೇಟ್ ತೋರ್ಸಿ ಒಸಿ. ಇಷ್ಟೆತ್ತರ ಐತೆ, ಇದು ಅನ್ನೆರಡ್ ವರ್ಸದ್ದು ಅಂದ್ರೆ ಯಾರ್ ನಂಬ್ತಾರೆ?"

ಮಕ್ಕಳೇ, ಅವಳು ಕೇಳಿದ್ದು ನಮ್ಮ ಧನ್ಯಳ ವಿಷಯ. ನನ್ನ ಮೊಮ್ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವಳು, ಎತ್ತರದಲ್ಲಿ ಮಾತ್ರ ಎಲ್ಲರಿಗಿಂತ ದೊಡ್ಡವಳು. ಚಿನಕುರಳಿಯ ನಾಲೆಯಲ್ಲಿ ನಿಮ್ಮ ತಾತ ಅವಳ ಸೊಂಟಕ್ಕೆ ಪಂಚೆ ಕಟ್ಟಿ ಹಿಡಿದು ಈಜು ಕಲಿಸಿದರು. ಅವರಿದ್ದಿದ್ದರೆ ಆ ತಾಯಿಗೆ ಉತ್ತರವನ್ನೂ ಅವರೇ ಕೊಡುತ್ತಿದ್ದರು. ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ (ಅದಕ್ಕೇ ನಿಮಗೆ ಹೀಗೆ ಬರೆಯುವುದು).

ಸುಮ್ಮನೆ ಬ್ಯಾಗು ತೆಗೆದೆ. ಹೀಗೆ ಕೇಳಿಸಿಕೊಳ್ಳುವುದು ಇದು ಮೂರನೇ ಸಲ. ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು ಎಲೆಅಡಿಕೆ ಚೀಲದ ಪಕ್ಕದಲ್ಲೇ ಇರುತ್ತದೆ.

ಆಕೆ ಹೊಣಕೆರೆ ಕಡೆಯವಳು. ಅವತ್ತು ಹನ್ನೆರಡು ವರ್ಷದವರ ನೂರು ಮೀಟರ್ ಈಜಿನ ಸ್ಪರ್ಧೆಯಲ್ಲಿ ಅವಳ ಮಗಳು ಚೈತ್ರ ಧನ್ಯಳ ಹಿಂದೆಯೇ ಎರಡನೆಯವಳಾಗಿ ಬಂದಿದ್ದಳು. ಗೋಡೆ ಒದ್ದು ತಿರುಗುವಾಗ ಚೈತ್ರಳೇ ಮುಂದಿದ್ದಳು. ಕೊನೆಯಲ್ಲಿ ಧನ್ಯಳ ಉದ್ದ ಕೈ ಗೋಡೆ ಮುಟ್ಟಿಬಿಟ್ಟಿತು. ಮೊದಲು ಬಂದವರೊಬ್ಬರಿಗೇ ಕೋಚಿಂಗ್ ಕ್ಯಾಂಪಿನಲ್ಲಿ ಜಾಗ.

ಆಕೆ ತನ್ನ ಮಗಳ ಸರ್ಟಿಫಿಕೇಟನ್ನೂ ತೆಗೆದು ಪಕ್ಕದಲ್ಲಿ ಹಿಡಿದಳು. ಒಂದೇ ವರ್ಷ, ಒಂದೇ ತಿಂಗಳು. ಚೈತ್ರ ನಾಲ್ಕು ದಿನ ದೊಡ್ಡವಳು.

"ಇದೇ ದೊಡ್ಡದಾ?" ಎಂದು ಮಗಳನ್ನು ನೋಡಿದಳು. ಟವೆಲು ಹೊದ್ದು ನಡುಗುತ್ತಿದ್ದ ಆ ಮಗು ಧನ್ಯಳ ಭುಜಕ್ಕೆ ಬರುತ್ತಿತ್ತು. "ಸಾಕು ಬುಡು ಮಗಾ, ಬರೋ ವಾರದಿಂದ ಬರಾದ್ ಬ್ಯಾಡ. ಇವ್ರ್ ಜೊತೆ ನಿನ್ ಕೈಲಾಯ್ತದಾ?"

ಧನ್ಯ ನನ್ನ ಸೆರಗು ಎಳೆದಳು. "ಅಜ್ಜಿ, ನಾನ್ ಗೆದ್ದಿದ್ದು ಮೋಸವಾ?"

"ಮೋಸ ಅಲ್ಲ ಕಣವ್ವ. ಆದ್ರೆ ಪೂರ್ತಿ ನಿಂದೂ ಅಲ್ಲ. ಅರ್ಧ ನೀನ್ ಈಜಿದ್ದು, ಅರ್ಧ ನಿನ್ ಮೈ ಬೆಳ್ದಿದ್ದು."

ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ನಾಳೆ ಉಳಿದ ಹುಡುಗಿಯರೂ ಬೆಳೆದಾಗ ಅವಳ ಉದ್ದ ಕೈ ದೊಡ್ಡ ವಿಷಯವಾಗುವುದಿಲ್ಲ. ಗೋಡೆ ಒದ್ದು ತಿರುಗುವುದನ್ನು ಈಗಲೇ ಚೈತ್ರಳಿಂದ ಕಲಿತರೆ ಅವಳಿಗೇ ಒಳ್ಳೆಯದು.

ಹನ್ನೆರಡರ ವಯಸ್ಸೇ ಹಾಗೆ. ಒಂದು ಮಗು ಆಳೆತ್ತರ ಆಗಿರುತ್ತದೆ, ಇನ್ನೊಂದಕ್ಕೆ ಬೆಳವಣಿಗೆ ಶುರುವೇ ಆಗಿರುವುದಿಲ್ಲ. ಸರ್ಟಿಫಿಕೇಟು ಸುಳ್ಳು ಹೇಳುವುದಿಲ್ಲ, ಆದರೆ ಇಷ್ಟನ್ನು ಹೇಳುವುದೂ ಇಲ್ಲ. ಹಾಗಾದರೆ ಹುಟ್ಟಿದ ದಿನ ಬಿಟ್ಟು ಮೈ ಅಳೆದು ಗುಂಪು ಮಾಡೋಣವೇ?

ಮೈ ಅಳೆಸಿಕೊಂಡವಳು ನಾನು. ನಮ್ಮ ಕಾಲದಲ್ಲಿ ಶಾಲೆಗೆ ಸೇರಬೇಕಾದರೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕಿತ್ತು. ಮುಟ್ಟಿದರೆ ಆರು ತುಂಬಿತು ಎಂದು ಲೆಕ್ಕ. ಐದು ತುಂಬಿದ್ದ ಪಕ್ಕದ ಮನೆ ಜಯಮ್ಮನ ಕೈ ಎಟುಕಿತು. ಆರು ತುಂಬಿದ್ದ ನನ್ನ ಕೈ ಎಟುಕಲಿಲ್ಲ. "ಮುಂದಿನ್ ವರ್ಸ ಬಾ ಮಗಾ" ಎಂದರು ಮೇಷ್ಟ್ರು. ಒಂದು ವರ್ಷ ಶಾಲೆಯ ಕಿಟಕಿಯ ಹೊರಗೆ ನಿಂತು ಮಗ್ಗಿ ಕೇಳಿಸಿಕೊಂಡೆ.

ನಾಚಿಕೆ ನುಂಗಿಕೊಂಡು ಆ ತಾಯಿಗೆ ಇದನ್ನೆಲ್ಲ ಹೇಳಿದೆ. "ಬುಡಿಸ್ಬ್ಯಾಡ ಕಣವ್ವ. ಮುಂದಿನ್ ವರ್ಸ ನನ್ ಕೈ ಕಿವಿ ದಾಟಿ ಕೆನ್ನೆಗೇ ಬಂತು. ನಿನ್ ಮಗ್ಳೂ ಬೆಳಿತಾಳೆ."

ಆಕೆ ಎರಡು ಸರ್ಟಿಫಿಕೇಟುಗಳನ್ನೂ ನೋಡಿ, ಧನ್ಯಳದನ್ನು ವಾಪಸು ಕೊಟ್ಟಳು. "ಬೆಳಿತಾಳೆ ಬುಡಿ. ನಿಮ್ಗೆ ಇಸ್ಕೂಲು ಅಲ್ಲೇ ಇತ್ತು. ನನ್ ಮಗೀಗೆ ಆ ಕ್ಯಾಂಪಲ್ಲಿ ಜಾಗ ಇರ್ತದಾ?"

ಸರಿಯಾದ ಪ್ರಶ್ನೆ. ಅದನ್ನು ಹೊತ್ತುಕೊಂಡು ಕೊರಳಿಗೆ ಸೀಟಿ ಹಾಕಿಕೊಂಡಿದ್ದ ಕೋಚ್ ಬಳಿ ನಾನೇ ಹೋದೆ. (ಹೌದು, ನಾನೇ.) ಇವತ್ತು ಸೋತ ಮಕ್ಕಳನ್ನು ಮುಂದಿನ ವರ್ಷ ಇನ್ನೊಂದು ಸಲ ನೋಡುತ್ತೀರಾ ಎಂದು ಕೇಳಿದೆ.

"ಒಂದೇ ಸಲ ಆರ್ಸೋದು ಅಜ್ಜಿ. ರೂಲ್ಸ್ ಅಂಗೈತೆ" ಎಂದರು.

ನಮ್ಮ ಮೇಷ್ಟ್ರಿಗೂ ರೂಲ್ಸಿತ್ತು. ಮರುವರ್ಷ ನನ್ನ ಕೈಯನ್ನು ಇನ್ನೊಂದು ಸಲ ಎತ್ತಿಸಿ ನೋಡಲು ಅದು ಅವರಿಗೆ ಅಡ್ಡ ಬಂದಿತ್ತೇ?