ಚಪ್ಪಲಿ ಕಾಯಲು ಕೂರಿಸಿದ ಹುಡುಗಿಯನ್ನು ತಾಯಿ ಮಾಯಕ್ಕ ತೋರಿಸಿದ್ದು

ಚಿಂಚಲಿ ಮಾಯಕ್ಕನ ಒಕ್ಕಲಿನ ಬಂಧುಗಳೆ, ತಾಯಿ ನನ್ನ ಮೊರೆ ಕೇಳಿದ್ದನ್ನು ಬರೆಯುತ್ತಿದ್ದೇನೆ. ಓದಿ ನನ್ನನ್ನು ಪುಣ್ಯವಂತೆ ಎನ್ನಬೇಡಿ. ನಾನು ಹಾರೂಗೇರಿ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು.

1991ರ ದೀಪಾವಳಿ ಸೂಟಿಯಲ್ಲಿ ಏಳನೆಯ ಇಯತ್ತೆಯ ಮಕ್ಕಳನ್ನು ಮುಂಬಯಿಗೆ ಕರೆದೊಯ್ದೆವು. ಮಿರಜ ದಾಟದ ಮಕ್ಕಳಿಗೆ ಅದು ಪರದೇಶವೇ. ಎಲ್ಲ ಧರ್ಮದವರ ದೇವರ ಮನೆಗಳನ್ನೂ ತೋರಿಸಬೇಕೆಂಬುದು ನನ್ನದೇ ಹಂಚಿಕೆ. ದೇವರು ಒಬ್ಬನೇ, ಬಾಗಿಲು ಬೇರೆ ಎಂದು ರೈಲಿನ ಉದ್ದಕ್ಕೂ ಭಾಷಣ ಬಿಗಿದೆ. ಎಲುಬಿಲ್ಲದ ನಾಲಿಗೆ, ಅದಕ್ಕೇನು!

ಮೊದಲ ಗುಡಿಯ ಮೆಟ್ಟಿಲಲ್ಲಿ ಹೆಡ್ ಮಾಸ್ತರರು, "ಮುಂಬಯಿ ಕಳ್ಳರ ಊರ್ರಿ, ಚಪ್ಪಲ್ ಹೊಕ್ಕಾವ" ಎಂದರು. "ಸುಜಾತಾ, ನೀ ಕಾಯ್ಕೋತ ಕುಂಡ್ರವಾ" ಎಂದವಳು ನಾನು. ಇಪ್ಪತ್ತೆಂಟು ಮಕ್ಕಳಲ್ಲಿ ಅವಳೊಬ್ಬಳೇ ಊರ ಹೊರಗಿನ ಕೇರಿಯವಳು. ನಮ್ಮೂರ ಗುಡಿಯ ಕಟ್ಟೆಯನ್ನು ಅವರ ಮಂದಿ ಹತ್ತುವಂತಿರಲಿಲ್ಲ. ನನ್ನ ನಾಲಿಗೆ ಆ ರೂಢಿಗೆ ತಾನೇ ಹೊರಳಿತು. ದರ್ಗಾದಲ್ಲೂ ಅವಳೇ ಹೊರಗೆ ಕುಳಿತಳು, ಚರ್ಚಿನಲ್ಲೂ, ಬಸದಿಯಲ್ಲೂ. ಪಾರ್ಸಿಗಳ ಅಗ್ನಿಮಂದಿರದಲ್ಲಿ ಬೇರೆಯವರಿಗೆ ಪ್ರವೇಶವಿಲ್ಲವೆಂದಾಗ ಹೆಡ್ ಮಾಸ್ತರರು ಕೆರಳಿದರು: "ಮನಷ್ಯಾರನ್ನ ಹೊರಗ ನಿಂದರಸ್ತಾರಂದ್ರ ಇದೆಂಥಾ ನ್ಯಾಯಾರಿ!" ಸುಜಾತಾ ಅವರ ಹಿಂದೆಯೇ ನಿಂತಿದ್ದಳು. ಆಗಲೂ ನನಗೆ ಹೊಳೆಯಲಿಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಕೊನೆಗೆ ಗುರುದ್ವಾರ. ಅಲ್ಲೂ ಚಪ್ಪಲಿ ಕಾಯಲು ಸುಜಾತಾಳೇ. ಒಳಗೆ ಕುಳಿತು ಭಜನೆ ಕೇಳಿದೆವು. ಊಟದ ಪಂಗತಿಗೆ ಬನ್ನಿ ಎಂದು ಕರೆದರು. "ಯಾರ ಕೈದೋ ಏನೋ, ಬ್ಯಾಡ್ರಿ" ಎಂದು ಹೆಡ್ ಮಾಸ್ತರರು ಪಿಸುಗುಟ್ಟಿದರು, ನಾನು ಹೂಂಗುಟ್ಟಿದೆ. ಹೊರಗೆ ಬಂದರೆ ಚಪ್ಪಲಿಗಳು ಜೋಡಿ ಜೋಡಿಯಾಗಿ ಸಾಲಿನಲ್ಲಿದ್ದವು. ಸುಜಾತಾ ಇರಲಿಲ್ಲ.

"ಚಪ್ಪಲ್ ಅಂತೂ ಎಲ್ಲಾ ಅದಾವ" ಎಂದರು ಹೆಡ್ ಮಾಸ್ತರರು.

ಬೀದಿಗಳನ್ನು ಹುಡುಕಿದೆವು, ಬಸ್ ಸ್ಟಾಪುಗಳನ್ನು ಹುಡುಕಿದೆವು. ಪೊಲೀಸ್ ಚೌಕಿಯಲ್ಲಿ ಫೋಟೋ ಕೇಳಿದರು. ನಮ್ಮ ಹತ್ತಿರ ಇರಲಿಲ್ಲ. ಮೂರು ತಾಸು ಕಳೆದವು. ಉಳಿದ ಮಕ್ಕಳನ್ನು ಕರೆದುಕೊಂಡು ಹೆಡ್ ಮಾಸ್ತರರು ಸಂಜೆಯ ರೈಲಿಗೆ ಹೊರಟೇಬಿಟ್ಟರು. "ನಿಮ್ಮ ಹಂಚಿಕಿ, ನೀವ ನೋಡ್ಕೋರಿ" ಎಂದರು.

ಗುರುದ್ವಾರದ ಎದುರಿನ ಫುಟ್‌ಪಾತಿನಲ್ಲಿ ಕುಸಿದು ಕುಳಿತೆ. ಸೆರಗಿನಲ್ಲಿ ಗಂಟು ಕಟ್ಟಿದ್ದ ಭಂಡಾರವನ್ನು, ತಾಯಿಯ ಅರಿಷಿಣವನ್ನು, ಬಿಚ್ಚಿ ಹಣೆಗೊತ್ತಿಕೊಂಡು ಅತ್ತೆ. "ಯವ್ವಾ ಮಾಯವ್ವಾ, ಅದರವ್ವ ಶೇವಂತಾಬಾಯಿ ಮಂದಿ ಹೊಲದಾಗ ಕಳೆ ತಗದು ಸಾಕಿದ ಕೂಸದು. ನಿನಗ ಕಣ್ಣದಾವೋ ಇಲ್ಲೋ? ಅದು ಸಿಗಲಿಲ್ಲಂದ್ರ ನಿನ್ನ ಬಾಗಲಾ ತುಳ್ಯಂಗಿಲ್ಲ ನೋಡು!" ನನ್ನ ತಪ್ಪಿಗೆ ತಾಯಿಯನ್ನು ಬೈದವಳು ನಾನು.

ಬಾಯಿ ಒಣಗಿ ಕಣ್ಣು ಕತ್ತಲೆಗಟ್ಟಿತು. ನೀರಿಗೆಂದು ಗುರುದ್ವಾರದೊಳಗೆ ಹೋದೆ. ಮುದುಕಿಯೊಬ್ಬಳು ನೀರು ಕೊಟ್ಟು, ನನ್ನ ರಟ್ಟೆ ಹಿಡಿದು ಪಂಗತಿಯಲ್ಲಿ ಕೂರಿಸಿಯೇ ಬಿಟ್ಟಳು. ತಾಟಿಗೆ ರೊಟ್ಟಿ ಬಿತ್ತು. ನೀಡಿದ ಸಣ್ಣ ಕೈ ನೋಡಿ ತಲೆ ಎತ್ತಿದೆ. ತಲೆಗೆ ಕೇಸರಿ ಬಟ್ಟೆ ಕಟ್ಟಿಕೊಂಡ ಸುಜಾತಾ!

ಸಿಟ್ಟಿನಿಂದ ಹೊಡೆಯಲು ಕೈ ಎತ್ತಿದೆ. ಅವಳು ಹೆದರಲಿಲ್ಲ. "ಅಕ್ಕೋರ, ಗಡ್ಡದ ಅಜ್ಜಾರು ಕೈ ಹಿಡದು ಒಳಗ ಕರಕೊಂಡ ಬಂದ್ರಿ. ಚಪ್ಪಲ್ ಯಾರೂ ಒಯ್ಯಂಗಿಲ್ಲ, ಇಲ್ಲಿ ಎಲ್ಲಾರೂ ಉಣ್ಣಾಕ ಬರ್ತಾರ ಅಂದ್ರು. ನೀವೂ ಬರ್ತೀರಿ ಅಂತ ಹಾದಿ ಕಾಯಾಕತ್ತಿದ್ನಿ. ಯಾಕ ಬರಲಿಲ್ರಿ?"

ನಾವು ಊಟ ಒಲ್ಲೆವೆಂದ ಆ ಒಂದು ಕೋಣೆ ಬಿಟ್ಟು ಎಲ್ಲ ಕಡೆ ಹುಡುಕಿದ್ದೆವು. ಅವಳು ನೀಡಿದ ರೊಟ್ಟಿಯನ್ನು ಅಳುತ್ತ ತಿಂದೆ. ನೀರಡಿಕೆಯ ನೆಪ ಮಾಡಿ ತಾಯಿಯೇ ನನ್ನ ಕುತ್ತಿಗೆ ಹಿಡಿದು ಒಳಗೆ ದಬ್ಬಿದಳು. ಈ ನಂಬಿಕೆಯನ್ನು ಯಾರೂ ಅಲುಗಿಸಲಾರರು.

ಊರಿಗೆ ಮರಳಿದ ಮೇಲೆ ಚಿಂಚಲಿಯಲ್ಲಿ ತಾಯಿಗೆ ಉಡಿ ತುಂಬಿ, ಪ್ರಸಾದ ಹಿಡಿದು ಶೇವಂತಾಬಾಯಿಯ ಮನೆಗೆ ಹೋದೆ. ಹನ್ನೊಂದು ವರ್ಷ ಆ ಶಾಲೆಯಲ್ಲಿದ್ದೂ ಆ ಕೇರಿಗೆ ಕಾಲಿಟ್ಟಿರಲಿಲ್ಲ. ಅವಳು ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. "ಮಗಳನ್ನ ತಿರುಗಿ ತಂದ್ರಿ, ಉಪಕಾರ ಮರ್ಯಾಂಗಿಲ್ರಿ" ಎಂದಳು. ಆಮೇಲೆ ತಲೆ ತಗ್ಗಿಸಿಯೇ ಕೇಳಿದಳು: "ಆದ್ರ ಅಕ್ಕೋರ, ಚಪ್ಪಲ್ ಕಾಯಾಕ ನಮ್ಮೂರ ಗುಡೀನ ಇತ್ತಲ್ರಿ. ಅಷ್ಟ ದೂರ ಯಾಕ ಒಯ್ದಿದ್ರಿ?"

ಇಂದಿಗೂ ಚಿಂಚಲಿಗೆ ಹೋದಾಗ ಬಂದವರ ಚಪ್ಪಲಿಗಳ ಪಕ್ಕ ಒಂದು ತಾಸು ಕುಳಿತು ಆಮೇಲೆ ಒಳಗೆ ಹೋಗುತ್ತೇನೆ. ತಾಯಿ ನನ್ನ ಮೊರೆ ಕೇಳಿದಳು, ಅವಳಿಗೆ ಕೋಟಿ ಶರಣು. ಶೇವಂತಾಬಾಯಿಗೆ ಮಾತ್ರ ನಾನು ಇನ್ನೂ ಉತ್ತರ ಕೊಟ್ಟಿಲ್ಲ.