ಮಹಡಿಯ ಕೋಣೆಯಲ್ಲಿ ಕೇಳುವ ದನಿ

ಗೌರಮ್ಮನವರೇ, ನಂಜನಗೂಡಿನ ಬಂಗಲೆಯ ಮಹಡಿಯಲ್ಲಿ ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಾರಲ್ಲ — ಆ ದನಿ ನಿಮ್ಮ ತಂದೆಯವರದಲ್ಲ. ನನ್ನದು.

ಪಾಳುಬಿದ್ದಿದ್ದ ಆ ವರ್ತಕರ ಬಂಗಲೆಗೆ ಸುಣ್ಣ ಬಳಿದು, ಹಳೆಯ ಲೇಖಕರ ಹಸ್ತಪ್ರತಿಗಳನ್ನು ಕಾಪಾಡುವ ಸಾಹಿತ್ಯ ಸಂಗ್ರಹಾಲಯ ಮಾಡಿದಾಗ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ನೀವು ಮೂಗೂರಿನಿಂದ ಸೆರಗಿನಲ್ಲಿ ಸುತ್ತಿ ತಂದ ಕ್ಯಾಸೆಟ್ಟಿನಲ್ಲಿ ನಿಮ್ಮ ತಂದೆ, ನನ್ನ ಮೇಷ್ಟ್ರು, ತಮ್ಮ ಕಥೆಯನ್ನು ತಾವೇ ಓದಿದ್ದರು. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ. ನಕಲು ತೆಗೆಸದೆ ಯಾವ ಕ್ಯಾಸೆಟ್ಟನ್ನೂ ಹಾಕಕೂಡದೆಂಬುದು ನಿಯಮ — ನಾನೇ ಬರೆದು ಗೋಡೆಗೆ ಅಂಟಿಸಿದ್ದು. ಆದರೆ ನಾನು ಅವರ ಶಿಷ್ಯ, ಶಿಷ್ಯನಿಗೂ ನಿಯಮವೇ? ಮನೆಯ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದೆ. ಎರಡು ವಾಕ್ಯ ಕೇಳಿತು. ಆಮೇಲೆ ಯಂತ್ರ ಟೇಪನ್ನು ಶಾವಿಗೆಯಂತೆ ಕಕ್ಕಿತು. ಬಿಡಿಸಲು ಹೋಗಿ ನಾನು — ಎಳೆದೆ. ಕೈಯಲ್ಲಿ ಉಳಿದದ್ದು ಸುಕ್ಕುಗಟ್ಟಿದ ತುಂಡುಗಳು.

ಮರುದಿನ ಉದ್ಘಾಟನೆ. ಹೇಳಬಹುದಿತ್ತು. ಹೇಳಲಿಲ್ಲ. ಕಥೆಯ ಪುಸ್ತಕ ಮುಂದಿಟ್ಟುಕೊಂಡು ಅವರಂತೆಯೇ ಓದಿ ರೆಕಾರ್ಡು ಮಾಡಿದೆ. ಶಾಲೆಯಲ್ಲಿ ಇದೇ ಅಣಕಕ್ಕೆ ಮೇಷ್ಟ್ರು ಬೆತ್ತದ ರುಚಿ ತೋರಿಸಿದ್ದರು. ಉದ್ಘಾಟನೆಯಲ್ಲಿ ಸಂಗ್ರಹಾಲಯದ ಸಮಿತಿಯವರು ಅದೇ ವಿದ್ಯೆಗೆ ನನಗೆ ಶಾಲು ಹೊದಿಸಿದರು — ಧ್ವನಿ ಸಂರಕ್ಷಣೆಗಾಗಿ ಎಂದು.

ನೀವು ಕೇಳಿಸಿಕೊಂಡು ನನ್ನ ಕೈ ಹಿಡಿದಿರಿ.

“ನಮ್ಮಪ್ಪಾಜಿ ಕೆಮ್ಮೇ ಕಣ್ ಸಾ ಇದು! ಬೀಡಿ ಬುಡಿ, ಬೀಡಿ ಬುಡಿ ಅಂತ ಬಡ್ಕೊಂಡೆ, ಬುಟ್ರಾ? ನೋಡಿ, ಕತೆ ಮದ್ಯಕ್ಕೂ ಬಂದ್ಬುಟ್ಟದೆ!” ಅಳುತ್ತಲೇ ನಕ್ಕಿರಿ. “ನನ್ ಫೋನ್ಗೂ ಆಕ್ಕೊಡಿ ಸಾ. ದಿನಾ ಕೇಳ್ತೀನಿ.”

ಹಾಕಿಕೊಟ್ಟೆ. ಆ ಕೆಮ್ಮು ಅಣಕವೂ ಅಲ್ಲ, ಗೌರಮ್ಮನವರೇ. ನನಗೆ ನೆಗಡಿಯಾಗಿತ್ತು.

ಅಲ್ಲಿಂದ ತಲೆ ಒಂದು ಕಡೆ ನಿಂತಿಲ್ಲ. ನೀವು ಅತ್ತದ್ದು ತಂದೆಗಾಗಿಯೇ ತಾನೇ — ಹಾಗಾದರೆ ಅದು ಪೂರ್ತಿ ಸುಳ್ಳು ಹೇಗೆ... ಎಂದು ವಾದ ಹೂಡಿದೆ. ವಕೀಲನೂ ನಾನೇ, ನ್ಯಾಯಾಧೀಶನೂ ನಾನೇ, ಆದರೂ ಗೆಲ್ಲಲಾಗಲಿಲ್ಲ.

ಈಚೆಗೆ ಇನ್ನೊಂದು ಶುರುವಾಗಿದೆ. ಮೇಷ್ಟ್ರ ನಿಜವಾದ ದನಿಯನ್ನು ನೆನೆಯಲು ಕೂತರೆ ನನ್ನದೇ ಕೇಳಿಸುತ್ತದೆ. ಅಂದು ಕೇಳಿದ ಆ ಎರಡು ವಾಕ್ಯವೂ ಈಗ ನನ್ನ ಬಾಯಲ್ಲೇ... ದಿನಾ ಕೇಳುವ ನಿಮಗೂ ಹೀಗಾಗುತ್ತಿದೆಯೋ ಏನೋ — ಅದೇ ಭಯ.

ಮಹಡಿಯ ಹೆಡ್‌ಫೋನನ್ನು ಇಂದು ತೆಗೆದಿಟ್ಟೆ. ಸಮಿತಿಯವರಿಗೂ ಹೇಳಿದ್ದೇನೆ. ನೀವು ಫೋನಿನಲ್ಲಿರುವುದನ್ನು ಈಗಲೇ ಅಳಿಸಿಬಿಡಿ. ನನ್ನನ್ನು ಏನು ಮಾಡುವುದೆಂದು ಆಮೇಲೆ ಯೋಚಿಸಿ. ನಿಮ್ಮನ್ನು ಊಟಕ್ಕೆ ಕೂಗುತ್ತಿದ್ದ, ಗದರುತ್ತಿದ್ದ ಅವರ ದನಿ ನಿಮ್ಮ ಕಿವಿಯಲ್ಲಿ ಇನ್ನೂ ಇದ್ದರೆ — ಉಳಿದಿರುವುದು ಅದೊಂದೇ ಪ್ರತಿ.